ಇಪ್ಪತ್ತೇಳನೇ ಮೊಳೆ

ಕೋಟೆ ನೋಡಲು ಬರುವವರು ಆಕೆಯನ್ನು ನೋಡುವುದಿಲ್ಲ. ಸುರಂಗದ ಬಾಗಿಲಲ್ಲಿ ಒಂದು ಮರದ ಹಲಗೆ, ಹಲಗೆಗೆ ಅರವತ್ತು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವವರ ಕೈಗೆ ಆಕೆ ಒಂದೊಂದು ಬಿಲ್ಲೆ ಕೊಡುತ್ತಾಳೆ. ಗುಡ್ಡದ ಆ ಬದಿಯಲ್ಲಿ ಹೊರಬಿದ್ದಾಗ ಅವರು ಅದನ್ನು ವಾಪಸು ಕೊಡಬೇಕು. ಸಂಜೆ ಅರವತ್ತೂ ಮೊಳೆ ತುಂಬಿದರೆ ಒಳಗೆ ಯಾರೂ ಉಳಿದಿಲ್ಲ ಎಂದು ಅರ್ಥ. ಹದಿಮೂರು ವರ್ಷದಿಂದ ಇದೇ ಕೆಲಸ. ಟಿಕೆಟ್ಟಿನವನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಆಕೆ ಬಿಲ್ಲೆಯಕ್ಕ.

ಸುರಂಗವೆಂದರೆ ಒಂಬತ್ತು ಕೋಣೆ, ಒಂದರ ಹೊಟ್ಟೆಯೊಳಗೆ ಇನ್ನೊಂದು. ರಾಜ ಶತ್ರುಗಳಿಂದ ತಪ್ಪಿಸಿಕೊಂಡು ಓಡಿದ ದಾರಿ ಇದು ಎಂದು ಗೈಡುಗಳು ಬಣ್ಣ ಕಟ್ಟುತ್ತಾರೆ. ರಾಜ ಓಡಿಹೋಗಬೇಕಾದರೂ ದಾರಿ ಅಗೆಯಬೇಕಾದವನು ಕೂಲಿಯೇ. ಅವನ ಹೆಸರು ಅಲ್ಲಿನ ಯಾವ ಕಲ್ಲಿನ ಮೇಲೂ ಇಲ್ಲ. ಪ್ರವಾಸದ ಬಸ್ಸಿನವರಿಗೆ ಅದೆಲ್ಲ ಯಾಕೆ ಬೇಕು? ಬೆಳಿಗ್ಗೆ ಒಂದು ಅರಮನೆ, ಊಟಕ್ಕೆ ಮುಂಚೆ ಒಂದು ಗೋರಿ, ಊಟ ಆದಮೇಲೆ ಈ ಸುರಂಗ. ಹತ್ತು ದಿನದಲ್ಲಿ ದೇಶವನ್ನೇ ನೋಡಿ ಮುಗಿಸಿ ಮನೆಗೆ ಹೋಗುತ್ತಾರೆ. ಬಿಲ್ಲೆಯಕ್ಕ ಮಾತ್ರ ಪಕ್ಕದ ಜಿಲ್ಲೆಯನ್ನೂ ಕಂಡವಳಲ್ಲ.

ಆಕೆಗೆ ಕತ್ತಲೆಂದರೆ ಜೀವ ಹಾರುತ್ತದೆ. ಏಳು ವರ್ಷದವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಹಾಸಿಗೆ ತುಂಬುವ ದೊಡ್ಡ ಪೆಟ್ಟಿಗೆಯಲ್ಲಿ ಅಡಗಿದ್ದಳು. ಅಣ್ಣ ಚಿಲಕ ಹಾಕಿ, ಆಮೇಲೆ ಮರೆತು, ಆಡಲು ಹೋದ. ಮಧ್ಯಾಹ್ನದಿಂದ ಸಂಜೆವರೆಗೆ ಒಳಗಿದ್ದಳು. ಗಂಟಲು ಹರಿಯುವಂತೆ ಕೂಗಿದ್ದಳಂತೆ. ಹಾಸಿಗೆಗಳು ಆ ಕೂಗನ್ನೆಲ್ಲ ನುಂಗಿದ್ದವು. ಇವತ್ತಿಗೂ ಮನೆಯಲ್ಲಿ ದೀಪ ಆರಿಸಿ ಮಲಗುವುದಿಲ್ಲ. ದೀಪದ ಬೆಳಕಿಗೆ ನಿದ್ದೆ ಬಾರದ ಗಂಡ ಮುಖದ ಮೇಲೆ ಟವೆಲ್ ಹಾಕಿಕೊಂಡು, ಹೆಣ ಮಲಗಿದ ಹಾಗೆ ಮಲಗಿದ್ದೀನಿ ನೋಡೇ ಎಂದು ಛೇಡಿಸುತ್ತಾನೆ. ಇಂಥವಳಿಗೆ ಸಿಕ್ಕ ಕೆಲಸ ಸುರಂಗದ್ದು. ಹೊಟ್ಟೆಪಾಡಿಗೆ ಹೆದರಿಕೆ ಪಡೆದುಕೊಂಡು ಹುಟ್ಟಿದವಳು ಎಂದು ತನ್ನನ್ನೇ ಆಡಿಕೊಳ್ಳುತ್ತಾಳೆ.

ಮೊದಲು ಇಷ್ಟು ಕಷ್ಟವಿರಲಿಲ್ಲ. ಆ ಕಡೆಯ ಬಾಗಿಲಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಹಿಂಬಾಗಿಲ ಮಾವ ಎಂದು ಕರೆಯುತ್ತಿದ್ದರು. ಬಿಲ್ಲೆ ಕೈಗಿಡದೆ ಯಾರನ್ನೂ ದಾಟಲು ಬಿಡುತ್ತಿರಲಿಲ್ಲ. ನಿರ್ವಹಣೆ ಗುತ್ತಿಗೆಗೆ ಹೋದಮೇಲೆ ಗುತ್ತಿಗೆದಾರ ಮಾವನನ್ನು ಮನೆಗೆ ಕಳಿಸಿ ಅವನ ಜಾಗದಲ್ಲಿ ಒಂದು ತಗಡಿನ ಡಬ್ಬಿ ಇಟ್ಟ. ಬಿಲ್ಲೆಯನ್ನು ಅದರೊಳಗೆ ಹಾಕಿ ಹೋಗಿ ಎಂದು ಬರೆಸಿದ. ಡಬ್ಬಿಗೆ ಸಂಬಳವಿಲ್ಲ, ರಜೆಯಿಲ್ಲ, ಸಂಘಕ್ಕೂ ಸೇರುವುದಿಲ್ಲ. ಕಣ್ಣೂ ಇಲ್ಲ. ಜನ ನೆನಪಿಗಿರಲಿ ಎಂದು ಬಿಲ್ಲೆಯನ್ನು ಜೇಬಿಗಿಳಿಸಿ ನಡೆದರು. ಅಂದಿನಿಂದ ವಾರಕ್ಕೆ ಎರಡು ಸಂಜೆಯಾದರೂ ಹಲಗೆಯ ಮೇಲೆ ಒಂದು ಮೊಳೆ ಬೋಳಾಗಿ ನಿಲ್ಲುತ್ತಿತ್ತು. ಬಿಲ್ಲೆ ಯಾರದೋ ಜೇಬಿನಲ್ಲಿದೆಯೋ, ಬಿಲ್ಲೆ ಹಿಡಿದ ಮನುಷ್ಯ ಸುರಂಗದಲ್ಲಿದ್ದಾನೋ? ಅದನ್ನು ಮೊಳೆ ಹೇಳುವುದಿಲ್ಲ. ಗುತ್ತಿಗೆದಾರ ಹೋದ ಬಿಲ್ಲೆಗೆ ಹೊಸ ಬಿಲ್ಲೆ ಹಾಕಿಸುತ್ತಿದ್ದ, ಅಷ್ಟೇ. ಆಕೆ ಟಾರ್ಚು ಹಿಡಿದು ಮೂರನೇ ಕೋಣೆಯವರೆಗೆ ಹೋಗಿ, ಯಾರಾದ್ರೂ ಇದ್ದೀರಾ ಎಂದು ಮೂರು ಸಲ ಕೂಗಿ, ಕಿವಿಗೊಟ್ಟು, ಬೀಗ ಹಾಕುತ್ತಿದ್ದಳು. ಮೂರರಿಂದ ಆಚೆಗೆ ಕಾಲು ಏಳುತ್ತಿರಲಿಲ್ಲ. ಯಾವತ್ತೂ ಯಾರೂ ಇದ್ದಿರಲಿಲ್ಲ.

ಆ ಬೇಸಿಗೆಯ ಸಂಜೆಯೂ ಹಾಗೆಯೇ. ಐದಕ್ಕೆ ಲೈಟಿನವನು ಸುರಂಗದ ದೀಪ ಆರಿಸಿ ಹೊರಟ. ಆಕೆ ಗುಡ್ಡ ಬಳಸಿ ಹೋಗಿ ಹಿಂಬಾಗಿಲಿಗೆ ಬೀಗ ಹಾಕಿ, ಡಬ್ಬಿ ತಂದು ಬಿಲ್ಲೆಗಳನ್ನು ನೇತುಹಾಕಿದಳು. ಇಪ್ಪತ್ತೇಳನೇ ಮೊಳೆ ಬೋಳು. ಕೆಳಗೆ ಎರಡು ಬಸ್ಸು ಹೊರಡಲು ಗುರುಗುಡುತ್ತಿದ್ದವು. ಮೇಲ್ವಿಚಾರಕ ಹೋಗಿ ಕೇಳಿದ. ನಮ್ಮ ಜನ ಎಲ್ಲ ಬಂದರು ಎಂದು ಎರಡರ ಡ್ರೈವರುಗಳೂ ಹೇಳಿದರಂತೆ. ಆಕೆ ಮೂರನೇ ಕೋಣೆಗೆ ಹೋಗಿ ಕೂಗಿದಳು. ಉತ್ತರವಿಲ್ಲ. ದೂರದಲ್ಲೆಲ್ಲೋ ಟಕ್ ಟಕ್ ಎಂದು ನೀರು ತೊಟ್ಟಿಕ್ಕುತ್ತಿತ್ತು. ಬೀಗ ಹಾಕಿ, ಬೀಗದ ಕೈಗಳನ್ನು ಕಚೇರಿಯಲ್ಲಿಟ್ಟು ಇಳಿದು ಬಂದಳು.

ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಎದುರಿನ ಚಹಾದಂಗಡಿಯವಳು ಈಚೆ ಬದಿಯ ಯಾರನ್ನೋ ಏನೋ ಕೇಳುತ್ತಿದ್ದಳು. ನಡುವೆ ಲಾರಿಗಳ ಸದ್ದು. ಬಾಯಿ ಬಿಟ್ಟು ಪ್ರಯೋಜನವಿಲ್ಲವೆಂದು ಎರಡು ಬೆರಳೆತ್ತಿ, ಎರಡಾ ಎಂದು ಸನ್ನೆ ಮಾಡಿದಳು. ಬಿಲ್ಲೆಯಕ್ಕನಿಗೆ ಥಟ್ಟನೆ ನೆನಪಾಯಿತು. ಮಧ್ಯಾಹ್ನ ಮೂರೂವರೆಗೆ ಬಂದ ಆ ಎರಡು ಬಸ್ಸಿನವರು. ಬಾಗಿಲಲ್ಲಿ ಗದ್ದಲವೇ ಇರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು, ಕೈಯಲ್ಲೇ ಜಗಳ, ಕೈಯಲ್ಲೇ ನಗು. ಇವತ್ತು ಎಷ್ಟು ಸುಖವಪ್ಪ ಎಂದು ತಾನೇ ಅಂದುಕೊಂಡಿದ್ದಳು.

ಕಿವಿ ಕೇಳದವರನ್ನು ಆಕೆ ಕೂಗಿ ಹುಡುಕಿದ್ದಳು.

ಮರುಕ್ಷಣ ಇನ್ನೊಂದು ಹೊಳೆಯಿತು, ಅದು ಇನ್ನೂ ಕೆಟ್ಟದ್ದು. ಬೇಸಿಗೆಯಲ್ಲಿ ಆ ಸುರಂಗದಲ್ಲಿ ಒಂದು ಹನಿ ನೀರಿರುವುದಿಲ್ಲ. ಹಾಗಾದರೆ ಟಕ್ ಟಕ್ ಎಂದದ್ದು ಏನು?

ಗುಡ್ಡ ಹತ್ತುವಾಗ ಚಪ್ಪಲಿ ಕಿತ್ತಿತು, ಬಿಟ್ಟು ಓಡಿದಳು. ಮೇಲ್ವಿಚಾರಕ ಕಚೇರಿಯ ಕಿಟಕಿ ಮುಚ್ಚುತ್ತಿದ್ದ.

"ಏನಕ್ಕ, ವಾಪಸ್ ಬಂದೆ? ಬಿಲ್ಲೆ ಕನಸಲ್ಲಿ ಬಂತಾ?"

"ಬೀಗದ ಕೈ ಕೊಡಪ್ಪ. ಒಳಗೆ ಯಾರೋ ಇದ್ದಾರೆ."

"ಕೂಗಿ ನೋಡ್ದೆ ಅಂದ್ಯಲ್ಲ?"

"ಕೂಗಿದೆ. ಅವರಿಗೆ ಕಿವಿ ಕೇಳಲ್ಲ."

ಅವನ ಮುಖದ ನಗು ಇಳಿಯಿತು. ದೀಪ ಹಾಕೋಣವೆಂದರೆ ಸ್ವಿಚ್ಚಿನ ಕೋಣೆಯ ಬೀಗದ ಕೈ ಲೈಟಿನವನ ಜೇಬಿನಲ್ಲಿ, ಲೈಟಿನವನು ಬಸ್ಸಿನಲ್ಲಿ. ನೀನು ಮುಂದಿನಿಂದ ಹೋಗು, ನಾನು ಹಿಂಬಾಗಿಲು ತೆಗೀತೀನಿ ಎಂದು ಅವನು ಗುಡ್ಡ ಬಳಸಿ ಹೊರಟ. ಗಂಡಸರ ಧೈರ್ಯಕ್ಕೆ ಯಾವಾಗಲೂ ಹೊರಗಡೆಯ ಕೆಲಸವೇ ಸಿಗುತ್ತದೆ ಎಂದು ಆಕೆ ಆಮೇಲೆ ಸಂಘದಲ್ಲಿ ನಮ್ಮ ಮುಂದೆ ಹೇಳಿ ನಗಿಸಿದಳು. ಆವತ್ತು ನಗು ಇರಲಿಲ್ಲ.

ಮೂರನೇ ಕೋಣೆಯವರೆಗೆ ಕಾಲಿಗೆ ದಾರಿ ಗೊತ್ತಿತ್ತು. ಅಲ್ಲಿ ನಿಂತಿತು. ಟಾರ್ಚಿನ ಬೆಳಕು ಅರಿಶಿನ ನೀರಿನ ಹಾಗೆ ತೆಳ್ಳಗಾಗಿತ್ತು. ಟಕ್ ಟಕ್. ನಿಂತು, ಮತ್ತೆ ಟಕ್ ಟಕ್. ನಾಲ್ಕರ ಬಾಗಿಲು ಗಿಡ್ಡ, ಬಗ್ಗಬೇಕು. ಬಗ್ಗಿದಾಗ ಬಾವಲಿಯೊಂದು ಕೂದಲು ಸವರಿ ಹೋಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಐದರಲ್ಲಿ ಗಾಳಿಯೇ ಇಲ್ಲ, ಹಳೆಯ ಹಾಸಿಗೆಯ ವಾಸನೆ. ಅದು ಸುರಂಗದ್ದಲ್ಲ, ತನ್ನ ತಲೆಯೊಳಗಿನದು ಎಂದು ಗೊತ್ತಿದ್ದೂ ಮೂಗು ನಂಬಲಿಲ್ಲ. ಹಿಂದಿರುಗಿ ಓಡಿದರೆ ಯಾರೂ ಏನೂ ಅನ್ನುವುದಿಲ್ಲ, ಬೆಳಿಗ್ಗೆ ನೋಡಿದರಾಯಿತು ಎಂದು ಒಂದು ಮನಸ್ಸು. ಪೆಟ್ಟಿಗೆಯ ಹೊರಗೆ ಅಣ್ಣನೂ ಹೀಗೇ ಅಂದುಕೊಂಡಿದ್ದನೇನೋ ಎಂದು ಇನ್ನೊಂದು. ಟಕ್ ಟಕ್ ಮಾತ್ರ ನಿಲ್ಲಲಿಲ್ಲ.

ಏಳನೇ ಕೋಣೆಯ ಮೂಲೆಯಲ್ಲಿ ಒಬ್ಬ ಮುದುಕ ಗೋಡೆಗೆ ಬೆನ್ನು ಕೊಟ್ಟು ಕೂತು ಬಿಲ್ಲೆಯಿಂದ ಕಲ್ಲು ಬಡಿಯುತ್ತಿದ್ದ. ತನಗೆ ಕೇಳದಿದ್ದರೂ ಜಗತ್ತಿಗೆ ಕೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಬೆಳಕು ಬಿದ್ದ ತಕ್ಷಣ ಬಡಿಯುವುದು ನಿಲ್ಲಿಸಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಅವನಿಗೆ ಹೆಜ್ಜೆ ಸದ್ದಿಲ್ಲ, ದನಿಯಿಲ್ಲ. ಕತ್ತಲಲ್ಲಿ ಏಕಾಏಕಿ ತನ್ನ ಮೇಲೆ ಬಿದ್ದ ಒಂದು ಬೆಳಕು, ಅದರ ಹಿಂದೆ ಏನಿದೆಯೋ. ಆಕೆ, ಅಪ್ಪಾ ಹೆದರಬೇಡಿ ಎಂದಳು. ಅಂದಮೇಲೆ ಅದರಿಂದೇನೂ ಪ್ರಯೋಜನವಿಲ್ಲವೆಂದು ತಿಳಿಯಿತು. ಟಾರ್ಚು ತಿರುಗಿಸಿ ತನ್ನ ಮುಖಕ್ಕೇ ಹಿಡಿದುಕೊಂಡಳು. ಈಗ ಆಕೆಗೆ ಏನೂ ಕಾಣದು. ಅವನಿಗೆ ಕಂಡದ್ದು ಕೆದರಿದ ತಲೆ, ಕಣ್ಣೀರು, ಬಾಯಲ್ಲಿ ಸೆರಗಿನ ನೂಲು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಒಂದು ತಣ್ಣನೆಯ ಕೈ ಬಂದು ಆಕೆಯ ಮಣಿಕಟ್ಟು ಹಿಡಿಯಿತು.

ಎಂಟು, ಒಂಬತ್ತು. ಹಿಂಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಟಾರ್ಚು ಕೆಮ್ಮಿದಂತೆ ಮಿನುಗಿ ಸತ್ತಿತು. ಆಕೆ ಬಾಗಿಲು ಗುದ್ದಿ ಕೂಗಿದಳು, ಏಳು ವರ್ಷದವಳ ಗಂಟಲಿನಲ್ಲಿ. ಪಕ್ಕದಲ್ಲಿ ಮುದುಕ ಬಿಲ್ಲೆಯಿಂದ ಕಬ್ಬಿಣ ಬಡಿದ. ಹೊರಗೆ ಮೇಲ್ವಿಚಾರಕ ಗೊಂಚಲಿನ ಒಂದೊಂದೇ ಬೀಗದ ಕೈ ಹಾಕಿ ನೋಡುತ್ತಿದ್ದ, ಯಾವುದು ಯಾವುದರದೆಂದು ಅವನು ಎಂದೂ ಕಲಿತಿರಲಿಲ್ಲ. ಬಾಗಿಲು ತೆರೆದಾಗ ಇನ್ನೂ ಬಿಸಿಲಿತ್ತು. ಅದೇ ಆಕೆಗೆ ನಂಬಲಾಗದ ಸಂಗತಿ.

ಅರ್ಧ ಗಂಟೆಯಲ್ಲಿ ಬಸ್ಸುಗಳು ವಾಪಸು ಬಂದವು. ಮುದುಕ ಆ ಬಸ್ಸಿನಲ್ಲಿದ್ದಾನೆಂದು ಇದರವರು, ಇದರಲ್ಲಿದ್ದಾನೆಂದು ಅದರವರು ತಿಳಿದಿದ್ದರು. ಅವನ ಮಗಳು ಇಳಿದು ಬಂದು ಅವನನ್ನು ಕೈಯಲ್ಲೇ ಚೆನ್ನಾಗಿ ಬೈದಳು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ. ಗಡಿಬಿಡಿಯಲ್ಲಿ ಇಪ್ಪತ್ತೇಳರ ಬಿಲ್ಲೆ ಅವನ ಜೇಬಿನಲ್ಲೇ ಹೋಯಿತು.

ಮರುದಿನ ಗುತ್ತಿಗೆದಾರ ಬಂದವನು ಎಲ್ಲ ಕೇಳಿಸಿಕೊಂಡು, "ಮನುಷ್ಯ ಸಿಕ್ಕಿದನಲ್ಲ, ಬಿಲ್ಲೆ ಎಲ್ಲಿ?" ಎಂದ. ಬಿಲ್ಲೆಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕೆಳಗೆ ಕೂತಳು. ಹಿಂಬಾಗಿಲಿಗೆ ಮನುಷ್ಯ ಬರುವವರೆಗೆ ಮುಂಬಾಗಿಲು ತೆಗೆಯುವುದಿಲ್ಲ ಎಂದಳು. ಮೂರು ಬಸ್ಸಿನ ಜನ ಬಿಸಿಲಲ್ಲಿ ಸಾಲುಗಟ್ಟಿದರು, ಬೈದರು, ಫೋಟೋ ತೆಗೆದರು. ಕಸ ಗುಡಿಸುವವಳು ಪೊರಕೆ ಸಮೇತ ಪಕ್ಕ ಬಂದು ಕೂತಳು, ಆಮೇಲೆ ಟಿಕೆಟ್ಟಿನವನು. ಸುದ್ದಿ ತಿಳಿದು ನಾವು ಸಂಘದವರು ಧ್ವಜ ಹಿಡಿದು ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಿಂಬಾಗಿಲ ಮಾವ ಊಟದ ಡಬ್ಬಿ ಹಿಡಿದು ಗುಡ್ಡ ಹತ್ತುತ್ತಿದ್ದ.

ಇಪ್ಪತ್ತೇಳಕ್ಕೆ ಹೊಸ ಬಿಲ್ಲೆ ಹಾಕಿಸಲು ಆಕೆ ಬಿಟ್ಟಿಲ್ಲ. ಸಂಜೆ ಐವತ್ತೊಂಬತ್ತು ಎಣಿಸಿ, ಸೊಂಟಕ್ಕೆ ಎರಡು ಹೊಸ ಸೆಲ್ಲು ಸಿಕ್ಕಿಸಿ, ಒಂಬತ್ತೂ ಕೋಣೆ ನಡೆಯುತ್ತಾಳೆ. ಈಗ ಕೂಗುವುದರಲ್ಲೇ ನಿಲ್ಲಿಸುವುದಿಲ್ಲ. ಪ್ರತಿ ಬಾಗಿಲಲ್ಲಿ ನಿಂತು ಮೊದಲು ಟಾರ್ಚನ್ನು ತನ್ನ ಮುಖಕ್ಕೆ ಹಿಡಿಯುತ್ತಾಳೆ, ಆಮೇಲೆ ಮೂಲೆಗಳಿಗೆ. ಈಗ ಹೆದರಿಕೆ ಹೋಯಿತೇ ಎಂದು ಒಮ್ಮೆ ಕೇಳಿದೆ.

"ಎಲ್ಲಿಗೆ ಹೋಗುತ್ತೆ? ನನ್ನ ಜೊತೆ ಒಳಗೆ ಬರೋದು ಅದೊಂದೇ," ಎಂದು ಬೀಗದ ಕೈ ತೆಗೆದುಕೊಂಡು ಎದ್ದಳು. ಐದು ಗಂಟೆಯಾಗಿತ್ತು.