ಕೆಂಪು ಗಿಳಿಗಳ ತೊಟ್ಟಿಲು

ಕಳೆದ ವಾರ ಅಂಚೆ ಕಚೇರಿಯಲ್ಲಿ ಒಂದು ಪಾರ್ಸೆಲ್ಲಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ವಾಸನೆಗೆ ಕಲಘಟಗಿಯ ನಮ್ಮ ಬಾಜು ಮನೆ ನೆನಪಾಯಿತು. ಅಲ್ಲಿ ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚುವ ಕಾಕಾ ಇದ್ದರು.

ನಮ್ಮೂರ ತೊಟ್ಟಿಲುಗಳಿಗೆ ಚಿತ್ರವಿರುವುದು ಹೊರಮೈಗೆ. ಒಳಗೆ ಬರೀ ಕಟ್ಟಿಗೆ. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಾಗ ಕಾಕಾಗೆ ಒಂದು ಸಂಶಯ ಹುಟ್ಟಿತು. ಕೂಸಿಗೆ ಕಾಣದ ಚಿತ್ರ ಯಾರಿಗಾಗಿ? ಪರೀಕ್ಷಿಸಲು ತಾವೇ ಒಂದು ತೊಟ್ಟಿಲಲ್ಲಿ ಮಲಗಿದರು. ಮೊಣಕಾಲಿನಿಂದ ಕೆಳಗಿನದೆಲ್ಲ ಹೊರಗಿತ್ತು.

"ಮೊಮ್ಮಗನ್ನ ತೂಗೂದೋ, ನಿಮ್ಮನ್ನೋ?" ಎಂದು ಅವರ ಹೆಂಡತಿ ಕಾಕು ಕೇಳಿದರು.

ಆಮೇಲೆ ಓಣಿಯ ಕೂಸುಗಳ ಸರದಿ. ತೊಟ್ಟಿಲ ಒಳಬದಿಗೆ ಬಣ್ಣದ ಹಲಗೆ ಆನಿಸಿ, ಕೂಸು ಯಾವುದನ್ನು ನೋಡುತ್ತದೆಂದು ಗಮನಿಸುವುದು. ಎಣಿಸಿ ಬರೆಯುವ ಚಟ ನನಗೆ ಆಗಲೇ ಇತ್ತು. ಬಣ್ಣಗಳಲ್ಲಿ ಕೆಂಪು ಮುಂದಿತ್ತು. 'ಅತ್ತಿತು' ಎಂಬ ಕಾಲಂ ಅದಕ್ಕಿಂತ ಮುಂದಿತ್ತು.

ಕಾಕಾ ಮೊಮ್ಮಗನ ತೊಟ್ಟಿಲ ಒಳಗೆ ಕೆಂಪು ಗಿಳಿಗಳನ್ನು ಬರೆದು, ಹೊರಗೆ ಏನೂ ಬರೆಯದೆ ಬಿಟ್ಟರು. ಮಗಳು ಗಾಬರಿಯಾದಳು. ತವರಿನ ತೊಟ್ಟಿಲು ನೋಡಲು ಅತ್ತೆಯ ಮನೆಗೆ ಊರೇ ಬರುತ್ತದೆ, ಬರೀ ಕಟ್ಟಿಗೆ ಒಯ್ದರೆ ತಾನಲ್ಲಿ ತಲೆ ಎತ್ತುವುದು ಹೇಗೆ ಎಂದಳು. ಕಾಕಾ ಕೇಳಲಿಲ್ಲ.

ಹೆಸರಿಡುವ ದಿನ ದುಮ್ಮವಾಡದಿಂದ ಮಗಳ ಅತ್ತೆ ಬಂದರು. ತೊಟ್ಟಿಲ ಸುತ್ತ ಅಡ್ಡಾಡಿ, ಬಣ್ಣ ಬಾಕಿ ಇದೆಯೇ ಎಂದು ಕೇಳಿದರು. ಒಳಗೆ ಬಗ್ಗಿ ನೋಡಲು ಕಾಕಾ ಹೇಳಿದರು. ಅವರು ಬಗ್ಗಿದರು. ಮಲಗಿದ್ದ ಕೂಸು ಗಿಳಿಗಳ ಕಡೆ ತಿರುಗದೆ ಅಜ್ಜಿಯ ಮುಖವನ್ನೇ ನೋಡಿತು. ಅವರು ಸರಿದರೆ ಅತ್ತಿತು, ಬಗ್ಗಿದರೆ ಸುಮ್ಮನಾಯಿತು. ಮುಖಕ್ಕೆ ನಾನು ಕಾಲಂ ಇಟ್ಟಿರಲಿಲ್ಲ.

"ಕೂಸು ನೋಡವಲ್ದು, ಮಂದಿಗೆ ಕಾಣವಲ್ದು. ಯಾರ ಸಲುವಾಗಿ ಬರದ್ರಿ?" ಎಂದರು ಅತ್ತೆ. ಮಗಳು ನೆಲ ನೋಡುತ್ತ ನಿಂತಳು.

ಕಾಕಾ ತೊಟ್ಟಿಲ ಬರಿಯ ಹೊರಮೈ ಮೇಲೆ ಕೈಯಾಡಿಸಿ ಹೇಳಿದರು:

"ಖರೇರಿ ಅಕ್ಕಾರ. ಚಿತ್ರ ನೋಡಾಕ ಮಂದಿ ಬರತಾರ, ಬಂದ ಮಂದೀನ ಕೂಸು ನೋಡತೈತಿ. ಹೊರಗ ಇರಬೇಕಾಗಿತ್ತು."

ಮಗಳು ಹೊರಡುವಷ್ಟರಲ್ಲಿ ಹೊರಮೈಯಲ್ಲಿ ಬೆರಳಿಡುವಷ್ಟೂ ಜಾಗ ಉಳಿಯಲಿಲ್ಲ. ದುಮ್ಮವಾಡದಲ್ಲಿ ಮಂದಿ ಸಾಲುಗಟ್ಟಿ ಬಂದು ನೋಡಿದರಂತೆ.

ಎಳೆಗೂಸು ಮುಖಗಳತ್ತ ಬೇಗ ಸೆಳೆಯಲ್ಪಡುತ್ತದೆ ಎಂಬ ಸಾಲು ಈಗ ನನ್ನ ಕಾಲೇಜಿನ ಪುಸ್ತಕದಲ್ಲಿದೆ. ಕಾಕಾ ತೀರಿಕೊಂಡು ಎರಡು ವರ್ಷ. ಭಾನುವಾರ ಊರಿಗೆ ಹೋದಾಗ ಆ ಸಾಲನ್ನು ಕಾಕುಗೆ ಓದಿ ಹೇಳಿದೆ. ಅವರು ಹೇಳಿದರು:

"ಅವರಿದ್ದಿದ್ರ ನಂಬತಿರಲಿಲ್ಲ ಬಿಡವ್ವಾ. ಇನ್ನೊಂದ ಕೂಸು ತಗೊಂಡ ಬಾ, ನೋಡೂಣು ಅಂತಿದ್ರು."