ಶಮೀಮ್ ಹೇಳದ ಮಾತು

ಶಮೀಮ್, ಮಂಜುಳಳಿಗೆ ಶಾಲೆಗೆ ಬರಬೇಡ ಎಂದು ನಿನ್ನ ಹೆಸರಿನಲ್ಲಿ ಹೇಳಿದವಳು ನಾನು. ಆ ಹುಡುಗಿ ತಪ್ಪು ಕೇಳಿಸಿಕೊಂಡಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ, ಪಾಠದ ಅಭ್ಯಾಸಕ್ಕೆಂದು ಗುಬ್ಬಿಯ ಸರ್ಕಾರಿ ಶಾಲೆಯೊಂದಕ್ಕೆ ಹಾಕಿದ್ದರು. ನಾನು ಕುಣಿಗಲ್ ಕಡೆಯ ತೆಂಗಿನ ತೋಟದ ಮನೆಯವಳು. ನೀನು ಟೈಲರ್ ಮಗಳು. ನಿನಗಿಂತ ಹೆಚ್ಚು ಅಂಕ ನನಗೆ, ಒಳ್ಳೆಯ ಸೀರೆಗಳೂ ನನಗೇ. ಆದರೂ ಬಸ್ಸಿಳಿದರೆ ಮಕ್ಕಳು ಓಡಿ ಬರುತ್ತಿದ್ದುದು ನಿನ್ನ ಕಡೆಗೆ.

ಎಂಟನೇ ತರಗತಿಯ ಮಂಜುಳ ದಿನವೂ ತಡವಾಗಿ ಬರುತ್ತಿದ್ದಳು. ನಾನು ಅವಳನ್ನು ಹೊರಗೆ ನಿಲ್ಲಿಸುತ್ತಿದ್ದೆ. ನೀನು ಅವಳ ಮನೆಗೇ ಹೋದೆ—ತಾಯಿ ಕೂಲಿಗೆ ಹೋದರೆ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲವೆಂದು ತಿಳಿದುಕೊಂಡೆ. "ಮಗೂನೂ ಎತ್ಕೊಂಡ್ ಬಾರೇ, ಹಿಂದಿನ ಬೆಂಚಲ್ಲಿ ಮಲಗ್ಸು" ಅಂದೆ. ಮಗು ಮಲಗಿತು, ಅವಳು ಓದಿದಳು. ಅಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ...

ನಮ್ಮ ಮೇಷ್ಟ್ರು ಎಲ್ಲರೆದುರು, "ಬಡವರ ಮಕ್ಳಿಗೆ ಪಾಠ ಹೇಳೋದನ್ನ ಶಮೀಮ್‌ನ ನೋಡಿ ಕಲೀರಮ್ಮ" ಅಂದರು. ಅವರ ಕಣ್ಣು ನನ್ನ ಮೇಲಿತ್ತು. ಆವತ್ತಿನಿಂದ ನಿನ್ನ ಬಡತನದ ಮೇಲೂ ಹೊಟ್ಟೆಕಿಚ್ಚುಪಟ್ಟೆ—ಆ ಮಕ್ಕಳ ಮನೆಯೊಳಗೆ ನಿನ್ನನ್ನು ಬಿಟ್ಟುಕೊಂಡದ್ದು ಅದೇ ಎಂದು.

ಪರೀಕ್ಷಕರು ಬರುವ ದಿನ ನಿನ್ನ ಪಾಠದಲ್ಲಿ ಪದ್ಯ ಓದಬೇಕಾದವಳು ಮಂಜುಳ. ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದಿದ್ದಳು. ಗೇಟಿನಲ್ಲಿ ನಾನು ಅಡ್ಡ ನಿಂತೆ.

"ಇವತ್ತು ದೊಡ್ಡೋರು ಬರ್ತಾರೆ. ಮಗು ಎತ್ಕೊಂಡ್ ಬಂದ್ರೆ ಮಾನ ಹೋಗುತ್ತೆ, ಇನ್ಮೇಲೆ ಬರ್ಬೇಡ ಅಂತ ಶಮೀಮ್ ಮಿಸ್ಸೇ ಹೇಳವ್ರೆ."

"ಮಿಸ್ಸೇ ಅಂದ್ರಾ?"

"ಹ್ಞೂಂ."

ಅವಳು ಅಳಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಟುಹೋದಳು.

ಪಾಠದುದ್ದಕ್ಕೂ ನೀನು ಬಾಗಿಲನ್ನೇ ನೋಡುತ್ತಿದ್ದೆ, ಮಾತು ಮಾತಿಗೂ ತಡವರಿಸಿದೆ. ಮೊದಲ ಸ್ಥಾನ ನನಗೆ ಬಂತು. ಸಂಜೆ ನೀನು ಅವಳ ಮನೆಗೆ ಹೋಗಿ ಬಂದೆ. "ನೀವೇ ಬೇಡ ಅಂದ್ರಂತಲ್ಲ ಮಿಸ್" ಎಂದು ತಾಯಿ ಬಾಗಿಲು ಹಾಕಿಕೊಂಡಳಂತೆ. ಬಸ್ಸಿನಲ್ಲಿ ನನ್ನ ಕೈ ಹಿಡಿದು, "ನಾನ್ ಯಾವಾಗ್ ಹಂಗಂದೆ ಕಣೇ?" ಎಂದು ಕೇಳಿದೆ.

"ಮಕ್ಳು ಏನೇನೋ ಅನ್ಕೋತವೆ ಬುಡು" ಅಂದೆ ನಾನು.

ಮಂಜುಳ ಮತ್ತೆ ಶಾಲೆಗೆ ಬರಲೇ ಇಲ್ಲ.

ಈಗ ಕ್ಯಾತ್ಸಂದ್ರದ ಹತ್ತಿರ, ಶಿಕ್ಷಕರಾಗುವವರಿಗೆ ಪಾಠ ಹೇಳುವವಳು ನಾನು. ಬಡ ಮಕ್ಕಳ ಮಾತು ಬಂದಾಗಲೆಲ್ಲ, "ಮಗುವನ್ನೂ ಎತ್ತಿಕೊಂಡು ಬಾ ಎಂದೆ" ಎಂದು ನಿನ್ನ ಕಥೆಯನ್ನು ನನ್ನದಾಗಿಸಿ ಹೇಳುತ್ತೇನೆ. ಕೇಳಿದವರ ಕಣ್ಣು ತುಂಬುತ್ತದೆ. ಆ ಗಳಿಗೆಗಾದರೂ ನೀನಾದೆನಲ್ಲ ಎಂದು ಒಳಗೊಳಗೇ ಹಿಗ್ಗುತ್ತೇನೆ—ಇಷ್ಟು ವರ್ಷ ಕಳೆದರೂ ಆ ಕಿಚ್ಚು ಆರಿಲ್ಲ.

ಕ್ಷಮಿಸೆಂದು ಕೇಳುತ್ತಿಲ್ಲ. ಈ ಭಾನುವಾರ ಮಂಜುಳಳನ್ನು ಹುಡುಕಿಕೊಂಡು ಗುಬ್ಬಿಗೆ ಹೋಗುತ್ತೇನೆ. ಅವಳು ನನ್ನನ್ನು ಏನಂದರೂ ಸರಿ. ನಿನ್ನನ್ನು ಮಾತ್ರ ಇನ್ನೊಂದು ದಿನವೂ ತಪ್ಪು ತಿಳಿದಿರಬಾರದು.