ಟೂಲಿಕ್ಕಿ ಮೌನವನ್ನು ಒರೆಗೆ ಹಚ್ಚಿದ್ದು

ಮಾತು ಬೆಳ್ಳಿ, ಮೌನ ಬಂಗಾರ ಎಂದುಬಿಡುವುದು ಸುಲಭ. ಆ ಬಂಗಾರವನ್ನು ಒರೆಗೆ ಹಚ್ಚಿ ನೋಡಿಯೇಬಿಡುತ್ತೇನೆಂದು ಹೊರಟವಳು ನಮ್ಮ ಶಿಕ್ಷಣ ವಿಭಾಗದಲ್ಲಿ ಒಬ್ಬಳೇ: ಟೂಲಿಕ್ಕಿ ಹೌತಾಲ.

ಮೇಷ್ಟ್ರಾಗಲು ಬಂದ ಹುಡುಗ ಹುಡುಗಿಯರನ್ನು ಸುತ್ತಲಿನ ಹಳ್ಳಿ ಶಾಲೆಗಳಿಗೆ ಕರೆದೊಯ್ದು, ಅವರು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು ಅವಳ ಕೆಲಸ. ಕೈಯಲ್ಲಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿರುತ್ತಿದ್ದಳು. ಕಣ್ಣು ಮಾತ್ರ ಮಕ್ಕಳ ಮೇಲೆ. ಹೊಸಬರೆಲ್ಲರದ್ದೂ ಒಂದೇ ರೋಗ. ಪ್ರಶ್ನೆ ಕೇಳುತ್ತಾರೆ, ಮಗು ಬಾಯಿ ತೆರೆಯುವ ಮೊದಲೇ ಹೆದರಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

"ಕೇಳಿದ ಮೇಲೆ ಬಾಯಿ ಮುಚ್ಕೊಂಡು ನಿಂತ್ಕೊ" ಎಂದು ಬೈಯುತ್ತಿದ್ದಳು. "ಬಾವಿಗೆ ಕೊಡ ಇಳಿಸಿದೀಯ. ತುಂಬೋಕಾದ್ರೂ ಬಿಡೋ!"

ಇಷ್ಟನ್ನು ಬೈಗುಳವಾಗಿಯೇ ಬಿಟ್ಟಿದ್ದರೆ ಅವಳ ಪಾಡಿಗೆ ಅವಳು ಪಿಂಚಣಿ ತೆಗೆದುಕೊಂಡು ಕೆರೆದಂಡೆಯಲ್ಲಿ ಸೌನಾ ಎಂಬ ಹಬೆಮನೆ ಕಾಯಿಸಿಕೊಂಡು ಇರಬಹುದಿತ್ತು. ಆದರೆ ಅವಳಿಗೊಂದು ಹಳೆಯ ಉರಿ ಇತ್ತು. ಫಿನ್ಲೆಂಡಿನ ಉತ್ತರದ ಈ ಊರಿನಲ್ಲಿ ಮೊದಲಿದ್ದದ್ದು ಬರೀ ಸೆಮಿನರಿ, ಶಿಕ್ಷಕರ ತರಬೇತಿ ಶಾಲೆ. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯ ಬಂದು ಸೆಮಿನರಿಯನ್ನು ನುಂಗಿತು. ಜೊತೆಗೆ ಡಾಕ್ಟರೇಟ್ ಪಡೆದವರು ಬಂದರು. ಕಾಫಿ ಕೋಣೆಯಲ್ಲಿ ಯಾರೂ ಹೇಳದೆಯೇ ಎರಡು ಮೇಜುಗಳಾದವು. ಕಿಟಕಿ ಪಕ್ಕದ್ದು ಸಂಶೋಧಕರದು, ಬಾಗಿಲ ಪಕ್ಕದ್ದು ಸೆಮಿನರಿಯವರದು. "ಸೆಮಿನರಿಯವರು ಹಾಡೋಕೆ, ಹೆಣೆಯೋಕೆ ಚೆನ್ನ. ಸಂಶೋಧನೆಯೆಲ್ಲ ಅವರ ಕೈಲಿ ಆಗೋ ಮಾತಲ್ಲ" ಎಂಬ ಮಾತು ಕಿಟಕಿಯಿಂದ ಬಾಗಿಲಿಗೆ ಆಗಾಗ ತೇಲಿ ಬರುತ್ತಿತ್ತು. ಸೆಮಿನರಿಯವರು ಒಬ್ಬೊಬ್ಬರೇ ನಿವೃತ್ತರಾಗಿ ಹೋದರು. ಸಂಗೀತ ಕಲಿಸುತ್ತಿದ್ದ ಔನೆಯೂ ಹೋದ ಮೇಲೆ ಬಾಗಿಲ ಮೇಜಿಗೆ ಉಳಿದವಳು ಟೂಲಿಕ್ಕಿ ಒಬ್ಬಳೇ. ತಾನೂ ಹಾಗೆಯೇ ಎದ್ದು ಹೋದರೆ ಆ ಮಾತೇ ನಿಜವಾಗಿ ಉಳಿದುಬಿಡುತ್ತದಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಐವತ್ತು ದಾಟಿದ ಮೇಲೆ ಡಾಕ್ಟರೇಟಿಗೆ ಹೆಸರು ಕೊಟ್ಟಳು.

ಮಾರ್ಗದರ್ಶಕ ಒಸ್ಸಿ, ಕಿಟಕಿ ಮೇಜಿನ ಪ್ರೊಫೆಸರ್. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಮೇಷ್ಟ್ರು ಪ್ರಶ್ನೆ ಕೇಳಿದ ಮೇಲಿನ ಮೌನವನ್ನು ಅಳೆಯಲೆಂದು ಅವಳು ಹಳ್ಳಿ ತರಗತಿಗಳಲ್ಲಿ ತುಂಬಿಸಿ ತಂದಿಟ್ಟ ಕ್ಯಾಸೆಟ್ಟುಗಳ ರಾಶಿ ನೋಡಿ ನಕ್ಕ.

"ಟೇಪಲ್ಲಿ ಏನೂ ಇಲ್ಲದ ಜಾಗವನ್ನೇ ಸಂಶೋಧನೆ ಮಾಡ್ತೀಯೇನು?"

"ಹೂಂ. ಇರೋ ಜಾಗವನ್ನೆಲ್ಲ ನೀವೇ ಹಂಚ್ಕೊಂಡಿದೀರಲ್ಲ."

ಮೊದಲ ಸಲ ಕಳಿಸಿದ ಹಸ್ತಪ್ರತಿ ಪರೀಕ್ಷಕರಿಂದ ವಾಪಸು ಬಂತು. ನಮ್ಮಲ್ಲಿ ಲೇಖನ ಅಚ್ಚಾದವರು ಕಾಫಿ ಕೋಣೆಗೆ ಕೇಕು ತರುವುದು ವಾಡಿಕೆ. ಸೋತವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಟೂಲಿಕ್ಕಿ ಮರುದಿನವೇ ದೊಡ್ಡದೊಂದು ಲಿಂಗನ್‌ಬೆರಿ ಹಣ್ಣಿನ ಕೇಕು ಮಾಡಿಕೊಂಡು ಬಂದಳು.

"ಯಾವ ಪತ್ರಿಕೇಲಿ ಬಂತು?" ಎಂದರು ಎಲ್ಲರೂ.

"ಎಲ್ಲೂ ಬಂದಿಲ್ಲ. ವಾಪಸು ಬಂತು. ಆದ್ರೆ ಇಬ್ಬರು ಪ್ರೊಫೆಸರುಗಳು ನಾನು ಬರೆದದ್ದನ್ನ ಮೊದಲಿಂದ ಕೊನೇವರೆಗೂ ಓದಿದಾರೆ. ನಿಮ್ಮಲ್ಲಿ ಯಾರದನ್ನ ಓದಿದಾರೆ ಹೇಳಿ ನೋಡೋಣ?"

ಕಿಟಕಿ ಮೇಜಿನವರ ಮುಖ ಹುಳ್ಳಗಾಯಿತು, ಆಮೇಲೆ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವಳ ಕೆಲಸ ಎಲ್ಲರ ಮನೆಕೆಲಸವಾಯಿತು. ಅಂಕಿಅಂಶದವನು ಕೋಷ್ಟಕ ತಿದ್ದಿಕೊಟ್ಟ, ಕಚೇರಿಯವಳು ತನ್ನ ಬಿಡುವಿನಲ್ಲಿ ಬೆರಳಚ್ಚು ಮಾಡಿದಳು. ನಗುತ್ತಿದ್ದ ಒಸ್ಸಿಯೇ ಕ್ಯಾಸೆಟ್ಟುಗಳನ್ನು ಮನೆಗೊಯ್ದು ಕಿವಿಗೊಟ್ಟು ಕೇಳುತ್ತ ಕೂತ. ಎರಡನೆಯ ಸಲ ಪರೀಕ್ಷಕರು ಒಪ್ಪಿದರು. ಉಳಿದದ್ದು ಎಲ್ಲರೆದುರು ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಬಹಿರಂಗ ವಾದ.

ವಾದಕ್ಕೆ ಮುಂಚೆ ಅಚ್ಚಾದ ಪ್ರಬಂಧದ ಪುಸ್ತಕವನ್ನು ಕಾರಿಡಾರಿನ ಹಲಗೆಗೆ ಮೊಳೆ ಹೊಡೆದು ತೂಗುಬಿಡಬೇಕು. ಬೇಕಾದವರು ಬಂದು ಓದಲಿ, ತಪ್ಪಿದ್ದರೆ ಹುಡುಕಲಿ. ಓದಿದವರಲ್ಲಿ ಯಾರ್ಕ್ಕೊ ಎಂಬ ಹಳ್ಳಿ ಮೇಷ್ಟ್ರೂ ಒಬ್ಬ. ಟೂಲಿಕ್ಕಿಯ ಹಳೆಯ ಶಿಷ್ಯ. ಟೇಪಿನಲ್ಲಿದ್ದದ್ದು ಅವನ ತರಗತಿಯೂ ಹೌದು. ಪುಸ್ತಕದ ಅತ್ಯಂತ ಹೆಮ್ಮೆಯ ಅಧ್ಯಾಯ, 'ಕಾಯಬಲ್ಲ ಮೇಷ್ಟ್ರು', ಪೂರಾ ಅವನ ಮೇಲೆಯೇ ಇತ್ತು. ಓದಿ, ಯಾರಿಗೂ ಏನೂ ಹೇಳದೆ ಟೋಪಿ ಹಾಕಿಕೊಂಡು ಊರಿಗೆ ಹೋದ.

ವಾದದ ದಿನ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಔನೆ, ಕಿವಿ ಅಷ್ಟಾಗಿ ಕೇಳಿಸದಿದ್ದರೂ ಎದೆಗೆ ಹಬ್ಬದ ಬ್ರೂಚ್ ಚುಚ್ಚಿಕೊಂಡು ಬಂದಿದ್ದಳು. ಅಧ್ಯಕ್ಷನ ಕುರ್ಚಿಯಲ್ಲಿ ಕಪ್ಪು ಕೋಟಿನ ಒಸ್ಸಿ. ಎದುರುವಾದಿ ದಕ್ಷಿಣದಿಂದ ಬಂದ ಪ್ರೊಫೆಸರ್ ಐರಾ ಸಲ್ಮೆಲಾ. ದಿನವಿಡೀ ತಪ್ಪು ಹುಡುಕುವುದು ಅವರ ಕೆಲಸ, ಸಂಜೆ ಅವರಿಗೇ ಔತಣ ಹಾಕಿಸುವುದು ಹುಡುಕಿಸಿಕೊಂಡವಳ ಕೆಲಸ. ಪಾಸಾಗುವ ಮೊದಲೇ ಊಟ ಹೇಳಿಟ್ಟಿರಬೇಕು!

ಸಲ್ಮೆಲಾ ಸುಮ್ಮನೆ ಬಂದವರಲ್ಲ. ಒಂದೊಂದು ಪುಟವನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿದರು. ಕೊನೆಗೆ ಆ ಹೆಮ್ಮೆಯ ಅಧ್ಯಾಯಕ್ಕೆ ಬಂದರು.

"ಮೇಷ್ಟ್ರು ಮಗುವಿಗಾಗಿ ಕಾಯ್ತಾ ಇದ್ರು ಅಂತ ಬರೆದಿದ್ದೀರಿ. ಟೇಪಿನಲ್ಲಿ ಇರೋದು ಬರೀ ಮೌನ. ಕಾಯ್ತಾ ಇದ್ರು ಅಂತ ನಿಮಗೆ ಹೇಗೆ ಗೊತ್ತು?"

"ಮಾನ್ಯ ಎದುರುವಾದಿಗಳೇ, ಅವನನ್ನ ನಾನು ಬಲ್ಲೆ. ನನ್ನ ಶಿಷ್ಯ."

ಹೇಳಿದ ಕೂಡಲೇ ಅವಳಿಗೇ ಅದು ಸೋತ ಉತ್ತರವೆಂದು ತಿಳಿಯಿತು. ಸಲ್ಮೆಲಾ ಏನನ್ನೋ ಗುರುತು ಮಾಡಿಕೊಂಡರು. ಕೊನೆಗೆ ಇಬ್ಬರೂ ಎದ್ದು ನಿಂತಾಗ ತೀರ್ಪು ಹೇಳಿದರು: ಕೃತಿಯನ್ನು ಒಪ್ಪಬಹುದು, ಆದರೆ ಈ ಅಧ್ಯಾಯ ಸಂಶೋಧನೆಯೋ ಅಭಿಮಾನವೋ ಎಂಬ ಅನುಮಾನ ನನಗೆ ಉಳಿದಿದೆ, ಅದನ್ನು ಲಿಖಿತ ವರದಿಯಲ್ಲಿ ಹೇಳುತ್ತೇನೆ. ಅಭಿಮಾನವಂತೆ. ಹಾಡೋಕೆ, ಹೆಣೆಯೋಕೆ ಚೆನ್ನ ಎಂದಂತೆಯೇ ಕೇಳಿಸಿತು ಟೂಲಿಕ್ಕಿಗೆ.

ಆಮೇಲೆ ಪದ್ಧತಿಯ ಪ್ರಕಾರ ಅವಳು ಸಭೆಯ ಕಡೆ ತಿರುಗಿ, ಪ್ರಬಂಧದ ಬಗ್ಗೆ ಆಕ್ಷೇಪವಿರುವವರು ಅಧ್ಯಕ್ಷರ ಅನುಮತಿ ಪಡೆದು ಹೇಳಬಹುದು ಎಂದಳು. ಈ ಮಾತಿಗೆ ಯಾರೂ ಏಳುವುದಿಲ್ಲ. ಅಷ್ಟರಲ್ಲಿ ಎಲ್ಲರ ಮೂಗಿಗೂ ಹೊರಗಿನ ಕಾಫಿಯ ವಾಸನೆ ಬಡಿದಿರುತ್ತದೆ.

ಹಿಂದಿನ ಸಾಲಿನಲ್ಲಿ ಯಾರ್ಕ್ಕೊ ಎದ್ದ. ಕಿವಿಯೆಲ್ಲ ಕೆಂಪಾಗಿತ್ತು.

"ಅಧ್ಯಕ್ಷರೇ... ಆ ಅಧ್ಯಾಯದಲ್ಲಿರೋ ಮೂರನೇ ಕ್ಲಾಸಿನ ಹುಡುಗಿ ವಿಷಯ. ಕೆರೆ ಮೇಲಿಂದ ಯಾಕೆ ಹೆಪ್ಪುಗಟ್ಟುತ್ತೆ ಅಂತ ನಾನು ಅವಳನ್ನ ಕೇಳಿದ್ನಲ್ಲ, ಅದು. ನಾನು ಕಾಯ್ತಾ ಇರ್ಲಿಲ್ಲ."

"ಮತ್ತೇನು ಮಾಡ್ತಿದ್ರಿ?" ಎಂದ ಒಸ್ಸಿ.

"ಹಿಮ ತಳ್ಳೋ ಗಾಡಿ ಬಂತು. ನನ್ನ ಕಾರು ಅಡ್ಡ ನಿಂತಿತ್ತು. ಕಿಟಕೀಲಿ ಅದನ್ನೇ ನೋಡ್ತಾ ನಿಂತೆ. ಏನು ಕೇಳಿದೆ ಅನ್ನೋದೇ ಮರ್ತೋಗಿತ್ತು. ಪುಸ್ತಕದಲ್ಲಿ ಸುಳ್ಳು ಇರಬಾರದಲ್ಲ, ಅದಕ್ಕೆ ಹೇಳ್ದೆ." ಕೂತುಬಿಟ್ಟ.

ಕಿಟಕಿ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ನೆಲ ನೋಡಿದರು. ಬೇರೆ ದೇಶದವರಾಗಿದ್ದರೆ ಮೌನ ಕಂಡಲ್ಲಿ ಅನುಮಾನಪಡುತ್ತಿದ್ದರೇನೋ. ನಮ್ಮವರಿಗೆ ಸುಮ್ಮನಿರುವವನೆಲ್ಲ ಜಾಣನಾಗಿಯೇ ಕಾಣುತ್ತಾನೆ. ಟೂಲಿಕ್ಕಿಯೂ ಹಾಗೆಯೇ ಎಡವಿದ್ದಳು. ಬಾಯಿಗೆ ಬಂದ ಸಮಜಾಯಿಷಿಯನ್ನೆಲ್ಲ ನುಂಗಿಕೊಂಡು, ಎರಡೂ ಕೈ ಮೇಜಿನ ಮೇಲಿಟ್ಟು ಯೋಚಿಸಿದಳು. ಅವಳಿಗೆ ಅವಸರವಿರಲಿಲ್ಲ.

"ಆಕ್ಷೇಪ ಸರಿಯಾಗಿದೆ" ಎಂದಳು ಕೊನೆಗೆ. "ಆ ಅಧ್ಯಾಯದ ಹೆಸರು ತಪ್ಪು. ಮೇಷ್ಟ್ರು ಕಾಯ್ತಿದ್ರು ಅಂತ ಟೇಪು ನನಗೆ ಹೇಳ್ಲಿಲ್ಲ. ನಾನೇ ಹೇಳ್ಕೊಂಡೆ. ಅವರನ್ನೇ ಕೇಳಬೇಕಿತ್ತು, ಕೇಳ್ಲಿಲ್ಲ. ಅದು ನನ್ನ ತಪ್ಪು." ಯಾರ್ಕ್ಕೊ ಕಡೆ ತಿರುಗಿದಳು. "ನೀವು ಪ್ರಶ್ನೆ ಮರೆತ್ರಿ. ಆ ಹುಡುಗಿ ಮರೆತ್ಲಾ?"

"ಇಲ್ಲ" ಎಂದ ಅವನು ಕೂತಲ್ಲಿಂದಲೇ. "ಕೆಳಗಿಂದ ಹೆಪ್ಪುಗಟ್ಟಿದ್ರೆ ಮೀನು ಎಲ್ಲಿಗೆ ಹೋಗಬೇಕಿತ್ತು ಅಂತ ನನ್ನನ್ನೇ ಕೇಳಿದ್ಲು."

"ಹೌದು. ಅದಕ್ಕೂ ಮುಂಚೆ ಇಡೀ ವರ್ಷ ಬಾಯಿ ಬಿಡದೇ ಇದ್ದ ಹುಡುಗಿ." ಟೂಲಿಕ್ಕಿ ಸಲ್ಮೆಲಾ ಕಡೆ ನೋಡಿದಳು. "ಮಾನ್ಯ ಎದುರುವಾದಿಗಳೇ, ಮೇಷ್ಟ್ರಿಗೆ ದೊಡ್ಡ ಸಹನೆ ಬೇಕು ಅಂತ ನಾನು ಬರೆದೆ. ಬೇಕಾಗಿಲ್ಲ. ಅವನ ಮನಸ್ಸು ಕಾರಿನ ಮೇಲಿದ್ರೂ ಸರಿ, ಬಾಯಿ ಸುಮ್ಮನಿದ್ರೆ ಸಾಕು, ಮಗು ಯೋಚನೆ ಮಾಡುತ್ತೆ. ಸಹನೆ ಎಲ್ಲರಿಗೂ ಹುಟ್ಟಿನಿಂದ ಬರಲ್ಲ. ಸುಮ್ಮನಿರೋದನ್ನ ಯಾರಿಗೆ ಬೇಕಾದ್ರೂ ಕಲಿಸಬಹುದು. ಮೇಷ್ಟ್ರುಗಳನ್ನ ತಯಾರು ಮಾಡೋ ನಮಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ನಾನು ಬರೆದದ್ದಕ್ಕಿಂತ ಇದು ದೊಡ್ಡದು."

ತೀರ್ಪು ಹೇಳಿ ಕೂತ ಎದುರುವಾದಿ ಮತ್ತೆ ಮಾತಾಡುವಂತಿಲ್ಲ. ಸಲ್ಮೆಲಾ ಎಲ್ಲರಂತೆ ಕೈ ಎತ್ತಿ ಅಧ್ಯಕ್ಷನ ಅನುಮತಿ ಕೇಳಿದರು. "ನನ್ನ ಅನುಮಾನ ವಾಪಸು ತಗೋತೀನಿ" ಎಂದರು. "ತನ್ನ ಅಭಿಮಾನದ ಅಧ್ಯಾಯವನ್ನೇ ಎಲ್ಲರೆದುರು ಬಿಟ್ಟುಕೊಟ್ಟವರನ್ನ ನಾನು ಕಂಡಿರೋದು ಕಡಿಮೆ. ಸಂಶೋಧಕಿ ಅನ್ನೋದು ಇವರನ್ನೇ. ವರದೀಲಿ ಹಾಗೇ ಬರೀತೀನಿ."

ಮುಂದಿನ ಸಾಲಿನಲ್ಲಿ ಔನೆಗೆ ಇದ್ಯಾವುದೂ ಸರಿಯಾಗಿ ಕೇಳಿಸಿರಲಿಲ್ಲ. ತಡೆಯಲಾರದೆ ಇಡೀ ಸಭೆಗೆ ಕೇಳುವಂತೆ ಕೂಗಿದಳು: "ಏನಂದ್ರು? ನಮ್ಮವಳು ಪಾಸಾದ್ಲಾ?"

ವಿಭಾಗದ ಮಂಡಳಿ ಮುಂದಿನ ತಿಂಗಳು ಕೂತು ತೀರ್ಮಾನ ಮಾಡುವವರೆಗೆ ಅಧ್ಯಕ್ಷ ಬಾಯಿ ಬಿಡಬಾರದೆಂಬುದು ನಿಯಮ. ಒಸ್ಸಿಯ ಕಣ್ಣು ಒದ್ದೆಯಾಗಿತ್ತು.

"ಆದ್ಲು, ಔನೆ" ಎಂದ ಗಟ್ಟಿಯಾಗಿ. "ನಿಮ್ಮ ಸೆಮಿನರಿಯೇ ಪಾಸಾಯ್ತು."

ಆಮೇಲೆ ತಾನು ಅಧ್ಯಕ್ಷನೆಂಬುದು ನೆನಪಾಗಿ, ಸಭೆ ಮುಗಿಯಿತು ಎಂದ.